ಗ್ರಹಗಳ ಹುಟ್ಟನ್ನು ಊಹಿಸಿದ ಲಾಪ್ಲಾಸ್

ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಹಳ್ಳಿಯೊಂದರಲ್ಲಿ 1749ರ ಮಾರ್ಚ್ 23ರಂದು ಜನಿಸಿದ ಪಿಯರ್ ಸಿಮೋನ್ ಲಾಪ್ಲಾಸ್ ಪಾದ್ರಿಯಾಗಲಿ ಎಂಬುದು ಮನೆಯವರ ಅಪೇಕ್ಷೆಯಾಗಿತ್ತು. ಧರ್ಮಶಾಸ್ತ್ರ ಓದಲು ಹೋದ ತರುಣನನ್ನು ಗಣಿತ ಸೆಳೆದುಕೊಂಡಿತು. ಪ್ಯಾರಿಸ್ ಸೇರಿದ ಅವರಿಗೆ ಗಣಿತಜ್ಞ ಡಾಲಂಬೇರ್ ಸೈನಿಕ ಶಾಲೆಯಲ್ಲಿ ಅಧ್ಯಾಪಕ ಹುದ್ದೆ ದೊರಕಿಸಿಕೊಟ್ಟರು. 1773ರಲ್ಲಿ, 24ನೇ ವಯಸ್ಸಿಗೇ, ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಒಲಿಯಿತು.

ಫ್ರಾನ್ಸಿನ ಕ್ರಾಂತಿ ಉಗ್ರರೂಪ ತಾಳಿದಾಗ ಲಾಪ್ಲಾಸ್ ಸಂಸಾರ ಸಮೇತ ರಾಜಧಾನಿ ತೊರೆದು ಮೆಲೂನ್ ಪಟ್ಟಣದಲ್ಲಿ ನೆಲೆಸಿದರು. ಅವರೊಡನೆ ಸಂಶೋಧನೆ ನಡೆಸಿದ್ದ ರಸಾಯನಶಾಸ್ತ್ರಜ್ಞ ಲವಾಸಿಯೆ 1794ರಲ್ಲಿ ಗಿಲೋಟಿನ್‌ಗೆ ಬಲಿಯಾದರು, ಲಾಪ್ಲಾಸ್ ಉಳಿದುಕೊಂಡರು.

1796ರಲ್ಲಿ, ಜನಸಾಮಾನ್ಯರಿಗಾಗಿ ಬರೆದ ಖಗೋಳ ಗ್ರಂಥದ ಕೊನೆಯಲ್ಲಿ ಅವರು ಹೊಸ ಊಹೆಯೊಂದನ್ನು ಮುಂದಿಟ್ಟರು. ಗ್ರಹಗಳೆಲ್ಲವೂ ಒಂದೇ ದಿಕ್ಕಿನಲ್ಲಿ, ಬಹುಮಟ್ಟಿಗೆ ಒಂದೇ ಸಮತಲದಲ್ಲಿ ಸೂರ್ಯನನ್ನು ಸುತ್ತುವುದು ಆಕಸ್ಮಿಕವಾಗಿರಲಾರದು. ಹಿಂದೊಮ್ಮೆ ಸೂರ್ಯನ ಸುತ್ತ ಹರಡಿದ್ದ ಬಿಸಿ ಅನಿಲರಾಶಿ ತಿರುಗುತ್ತಾ, ಕುಗ್ಗುತ್ತಾ ಉಂಗುರಗಳನ್ನು ಬಿಟ್ಟುಹೋಯಿತು. ಅವೇ ಗಟ್ಟಿಗೊಂಡು ಗ್ರಹಗಳಾದವು ಎಂಬುದು ಅವರ ವಾದ. 1755ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಕೂಡ ಇಂಥದ್ದೇ ವಿಚಾರ ಮಂಡಿಸಿದ್ದರು. ಆದರೆ ವೀಕ್ಷಣೆಯಾಗಲಿ ಲೆಕ್ಕಾಚಾರವಾಗಲಿ ಸಾಬೀತುಪಡಿಸದ ಈ ಊಹೆಯನ್ನು ಲಾಪ್ಲಾಸ್ ಅಳುಕಿನಿಂದಲೇ ಹೇಳಿದ್ದರು.

1827ರ ಮಾರ್ಚ್ 5ರಂದು ಅವರು ನಿಧನರಾದ ನಂತರವೂ ಊಹೆ ಬಹುಕಾಲ ಮನ್ನಣೆ ಪಡೆಯಿತು. ಆದರೆ 20ನೇ ಶತಮಾನದ ಆರಂಭದಲ್ಲಿ ಅದು ಮೂಲೆಗುಂಪಾಯಿತು. ಲಾಪ್ಲಾಸ್ ಹೇಳಿದಂತೆಯೇ ನಡೆದಿದ್ದರೆ ಸೂರ್ಯ ಈಗಿಗಿಂತ ಬಹಳ ವೇಗವಾಗಿ ತಿರುಗಬೇಕಿತ್ತು ಎಂಬುದು ಪ್ರಮುಖ ಆಕ್ಷೇಪ. ಹತ್ತಿರ ಹಾದುಹೋದ ನಕ್ಷತ್ರವೊಂದು ಸೂರ್ಯನಿಂದ ದ್ರವ್ಯ ಸೆಳೆದು ಗ್ರಹಗಳಿಗೆ ಕಾರಣವಾಯಿತು ಎಂಬ ವಾದ ಆ ಜಾಗಕ್ಕೆ ಬಂತು. ಅದು ನಿಜವಾಗಿದ್ದರೆ ವಿಶ್ವದಲ್ಲಿ ಗ್ರಹಗಳೇ ಅಪರೂಪವಾಗಬೇಕಿತ್ತು.

ಕೊನೆಗೆ ತೀರ್ಪು ನೀಡಿದ್ದು ದೂರದರ್ಶಕಗಳು. 1984ರಲ್ಲಿ ಚಿಲಿ ದೇಶದಿಂದ ಬೀಟಾ ಪಿಕ್ಟೋರಿಸ್ ನಕ್ಷತ್ರದ ಸುತ್ತಲಿನ ಧೂಳಿನ ತಟ್ಟೆಯ ಚಿತ್ರ ದೊರೆಯಿತು. 2014ರಲ್ಲಿ ಅದೇ ದೇಶದ ಅಟಕಾಮಾ ಮರುಭೂಮಿಯ ‘ಆಲ್ಮಾ’ ರೇಡಿಯೊ ದೂರದರ್ಶಕ, ಸುಮಾರು 450 ಜ್ಯೋತಿರ್ವರ್ಷ ದೂರದ ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ಸುತ್ತ ಒಂದರೊಳಗೊಂದು ಉಂಗುರಗಳಿರುವ ತಟ್ಟೆಯನ್ನು ಸ್ಪಷ್ಟವಾಗಿ ತೋರಿಸಿತು. ಧೂಳು ಸೂಸುವ ಮಿಲಿಮೀಟರ್ ತರಂಗಗಳಿಂದ ತಟ್ಟೆಯ ರೂಪ ತಿಳಿದರೆ, ಕಾರ್ಬನ್ ಮಾನಾಕ್ಸೈಡ್ ಅನಿಲದ ಸಂಕೇತಗಳಿಂದ ಅದು ತಿರುಗುವ ಬಗೆ ತಿಳಿಯುತ್ತದೆ.

ಉಂಗುರಗಳು ಮೂಡುವ ರೀತಿ ಲಾಪ್ಲಾಸ್ ಎಣಿಸಿದಂತಿಲ್ಲ. ಆದರೆ ಸುತ್ತುವ ಚಪ್ಪಟೆ ತಟ್ಟೆಯಿಂದಲೇ ಗ್ರಹಗಳು ಹುಟ್ಟುತ್ತವೆ ಎಂಬ ತಿರುಳು ಉಳಿದುಕೊಂಡಿದೆ. ಅವರು ಅಳುಕುತ್ತಾ ಬರೆದ 218 ವರ್ಷಗಳ ಬಳಿಕ ಆಕಾಶವೇ ಅದಕ್ಕೆ ಸಾಕ್ಷಿ ನುಡಿಯಿತು.