ಕೆಂಗೇರಿಯಲ್ಲಿ ನೆಲೆಸಿದ್ದ ಸನ್ಯಾಸಿ: ಫಾದರ್ ಬೀಡ್ ಗ್ರಿಫಿತ್ಸ್

ಬೆಂಗಳೂರಿನಿಂದ ರಾಮನಗರ, ಚನ್ನಪಟ್ಟಣಗಳ ಮಾರ್ಗವಾಗಿ ಮೈಸೂರಿಗೆ ಪಯಣಿಸುವವರಿಗೆ ಕೆಂಗೇರಿ ಪರಿಚಿತವಾದ ಊರು. ಇಂದು ಮಹಾನಗರದಲ್ಲಿ ಕರಗಿಹೋಗಿರುವ ಈ ಊರು 1955ರ ಸುಮಾರಿನಲ್ಲಿ ಇನ್ನೂ ಹಳ್ಳಿಯಾಗಿಯೇ ಇತ್ತು. ಆ ಕಾಲದಲ್ಲಿ ಇಂಗ್ಲೆಂಡಿನ ಬೆನೆಡಿಕ್ಟೀನ್ ಗುರುಗಳೊಬ್ಬರು, ಭಾರತೀಯರೇ ಆದ ಫಾದರ್ ಬೆನೆಡಿಕ್ಟ್ ಆಲಪಟ್ಟರೊಡನೆ ಬಂದು ಅಲ್ಲೊಂದು ಪುಟ್ಟ ಮಠವನ್ನು ಆರಂಭಿಸಿದರು. ಅವರೇ ಮುಂದೆ ವಿಶ್ವವಿಖ್ಯಾತರಾದ ಫಾದರ್ ಬೀಡ್ ಗ್ರಿಫಿತ್ಸ್. ನಮ್ಮ ಸೀಮೆಯ ಬಾಗಿಲಲ್ಲೇ ಕೆಲವು ವರ್ಷ ಬಾಳಿದ ಈ ಮಹನೀಯರು ತಾರುಣ್ಯದಲ್ಲಿ ಕ್ರೈಸ್ತ ವಿಶ್ವಾಸವನ್ನೇ ತೊರೆದಿದ್ದವರೆಂಬುದನ್ನು ಬಲ್ಲವರು ವಿರಳ.

1906ನೆಯ ಡಿಸೆಂಬರ್ 17ರಂದು ವಾಲ್ಟನ್-ಆನ್-ಥೇಮ್ಸ್ ಎಂಬಲ್ಲಿ ಜನಿಸಿದ ಅವರಿಗೆ ತಂದೆತಾಯಿಗಳಿಟ್ಟ ಹೆಸರು ಆಲನ್ ರಿಚರ್ಡ್. ಮನೆಯವರದು ಆಂಗ್ಲಿಕನ್ ಸಭೆ. ವ್ಯಾಪಾರದಲ್ಲಿ ತಂದೆಗೆ ಒದಗಿದ ನಷ್ಟದಿಂದ ಸಂಸಾರ ಬಡತನಕ್ಕೆ ಇಳಿದಿತ್ತು. ಶಾಲಾದಿನಗಳಲ್ಲೇ ಬಾಲಕನಿಗೆ ಧರ್ಮಸಭೆಯ ಬೋಧನೆ ಅರ್ಥಹೀನವೆನಿಸಿತು. ಅವರನ್ನು ಕಟ್ಟಾ ನಾಸ್ತಿಕರೆಂದು ಕರೆಯುವುದು ಸರಿಯಾಗಲಾರದು. ಶಾಲೆಯ ಕೊನೆಯ ದಿನಗಳ ಒಂದು ಸಂಜೆ ಹಕ್ಕಿಗಳ ಗಾನವನ್ನು ಕೇಳುತ್ತ ಏಕಾಂಗಿಯಾಗಿ ನಡೆಯುತ್ತಿದ್ದಾಗ ಅವರಿಗೆ ಮೊಣಕಾಲೂರಬೇಕೆನಿಸಿತ್ತು. ಆದರೆ ಯಾರ ಮುಂದೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಪ್ರಕೃತಿಯೇ ಅವರ ದೇವರಾಯಿತು, ಕವಿಗಳೇ ಪ್ರವಾದಿಗಳಾದರು.

ನಿಜವಾದ ನಾಸ್ತಿಕರು ಅವರ ಅಧ್ಯಾಪಕರು. 1925ರಲ್ಲಿ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜನ್ನು ಸೇರಿದ ಗ್ರಿಫಿತ್ಸರಿಗೆ ಮುಂದೆ ಸಾಹಿತ್ಯವನ್ನು ಬೋಧಿಸಿದವರು ಸಿ. ಎಸ್. ಲೂಯಿಸ್. ಹುಡುಗನಾಗಿದ್ದಾಗಲೇ ದೇವರಿಲ್ಲವೆಂದು ತೀರ್ಮಾನಿಸಿಕೊಂಡಿದ್ದ ಲೂಯಿಸರು ಆ ವರ್ಷಗಳಲ್ಲಿ ತಮ್ಮ ತರ್ಕವೇ ತಮ್ಮನ್ನು ದೇವರತ್ತ ನೂಕುತ್ತಿರುವುದನ್ನು ಕಂಡು ಹೋರಾಡುತ್ತಿದ್ದರು. ಗುರು ಶಿಷ್ಯರಿಬ್ಬರೂ ಒಂದೇ ಹಾದಿಯಲ್ಲಿ, ಒಬ್ಬರಿಗೊಬ್ಬರು ಪತ್ರ ಬರೆಯುತ್ತ, ಗ್ರಂಥಗಳನ್ನು ಚರ್ಚಿಸುತ್ತ ನಡೆದರು. ಲೂಯಿಸರು 1931ರಲ್ಲಿ ಕ್ರಿಸ್ತನನ್ನು ಅಂಗೀಕರಿಸಿದರು. ಆಂಗ್ಲಿಕನ್ ಸಭೆಯಲ್ಲೇ ಉಳಿದರು.

ಶಿಷ್ಯನಿಗೆ ಮಾತ್ರ ಚರ್ಚೆ ಸಾಲಲಿಲ್ಲ. 1930ರಲ್ಲಿ ಇಬ್ಬರು ಗೆಳೆಯರೊಡನೆ ಕಾಟ್ಸ್‌ವೊಲ್ಡ್ ಪ್ರಾಂತದ ಈಸ್ಟಿಂಗ್ಟನ್ ಎಂಬ ಹಳ್ಳಿಯಲ್ಲಿ ಗುಡಿಸಲಿನಂಥ ಮನೆ ಹಿಡಿದು, ಯಂತ್ರನಾಗರಿಕತೆಯನ್ನು ದೂರವಿಟ್ಟು, ಹಸು ಸಾಕಿ ಹಾಲು ಮಾರಿ ಬದುಕಲು ಹೊರಟರು. ಅಲ್ಲಿ ಸಾಹಿತ್ಯವೆಂದು ಕೈಗೆತ್ತಿಕೊಂಡ ಪವಿತ್ರ ಬೈಬಲ್ ಕ್ರಮೇಣ ಬದುಕಿನ ಮೇಲೆ ಹಕ್ಕು ಸಾಧಿಸತೊಡಗಿತು. ಪ್ರಯೋಗ ಒಂದು ವರ್ಷವೂ ನಡೆಯಲಿಲ್ಲ. ಗುರುವಾಗಬೇಕೆಂಬ ಹಂಬಲ ಮೂಡಿದಾಗ ಆಂಗ್ಲಿಕನ್ ಹಿರಿಯರು ಅವರನ್ನು ಲಂಡನ್ನಿನ ಕೊಳೆಗೇರಿಯ ಸೇವೆಗೆ ಕಳುಹಿಸಿದರು.

ಅವರ ಬುದ್ಧಿಗೆ ನಿಜವಾದ ಪರೀಕ್ಷೆ ಎದುರಾದದ್ದು ಅಲ್ಲಿ. ದೇವರಿರುವನೆಂದು ಒಪ್ಪುವುದು ಒಂದು ಮಾತು. ತನ್ನ ಇಚ್ಛೆಯನ್ನೂ ವಿವೇಚನೆಯನ್ನೂ ಅವನ ಕೈಗೊಪ್ಪಿಸುವುದು ಬೇರೆಯೇ ಮಾತು. ಇಡೀ ರಾತ್ರಿ ನಿದ್ರೆಯನ್ನು ತೊರೆದು ಹಾಸಿಗೆಯ ಬಳಿ ಮೊಣಕಾಲೂರಿ ಪ್ರಾರ್ಥಿಸಿದರು. ತಾನು ಅದುವರೆಗೆ ನೆಚ್ಚಿದ್ದ ಬುದ್ಧಿಯೇ ತನ್ನ ಕಾಲಕೆಳಗಿಂದ ಜಾರಿಹೋದಂತೆ ಕಂಡು ಭಯಗೊಂಡರು. ಬಳಿಕ ಏಕಾಂತ ಧ್ಯಾನಕೂಟವೊಂದರಲ್ಲಿ ಮೊದಲ ಬಾರಿಗೆ ಪಾಪನಿವೇದನೆ ಮಾಡಿ ಕಣ್ಣೀರಿಟ್ಟರು.

ಕಥೋಲಿಕ ಧರ್ಮಸಭೆಗೆ ಕಾಲಿಡಲು ಇನ್ನೊಂದು ಅಡ್ಡಿಯಿತ್ತು. ತನ್ನವರಲ್ಲಿ ಯಾರಾದರೂ ಆ ಸಭೆಗೆ ಸೇರಿದರೆ ಅದಕ್ಕಿಂತ ದೊಡ್ಡ ನೋವು ತನಗಿಲ್ಲವೆಂದು ಹೆತ್ತ ತಾಯಿ ಹೇಳಿದ್ದಳು. ಕಾರ್ಡಿನಲ್ ನ್ಯೂಮನ್ನರ ಬರಹಗಳು ಒಂದು ಕಡೆ ಸೆಳೆಯುತ್ತಿದ್ದರೆ ತಾಯಿಯ ಮಾತು ಇನ್ನೊಂದು ಕಡೆ. ಕೊನೆಗೆ 1931ರಲ್ಲಿ ಪ್ರಿಂಕ್‌ನ್ಯಾಶ್ ಮಠಕ್ಕೆ ಹೋದರು. ಪುಸ್ತಕಗಳಲ್ಲಿ ಓದಿದ್ದನ್ನು ಅಲ್ಲಿ ಜನರು ಬಾಳುತ್ತಿದ್ದರು. ಆ ವರ್ಷದ ಕ್ರಿಸ್ತಜಯಂತಿಯ ಮುನ್ನಾದಿನದ ಬಲಿಪೂಜೆಯಲ್ಲಿ ಪರಮಪ್ರಸಾದವನ್ನು ಸ್ವೀಕರಿಸಿದರು. ಮರುವರ್ಷ ಅದೇ ಮಠದಲ್ಲಿ ಬೀಡ್ ಎಂಬ ಹೆಸರನ್ನು ಪಡೆದು 1940ರಲ್ಲಿ ಗುರುಪಟ್ಟಕ್ಕೇರಿದರು. ಈ ಕಥೆಯನ್ನೆಲ್ಲ ಅವರು 'ದಿ ಗೋಲ್ಡನ್ ಸ್ಟ್ರಿಂಗ್' ಎಂಬ ಆತ್ಮಕಥೆಯಲ್ಲಿ 1954ರಲ್ಲಿ ಪ್ರಕಟಿಸಿದರು. ಮರುವರ್ಷ ಹೊರಬಂದ ತಮ್ಮ ಆತ್ಮವೃತ್ತಾಂತವನ್ನು ಲೂಯಿಸರು ಅರ್ಪಿಸಿದ್ದು ಈ ಹಳೆಯ ಶಿಷ್ಯನಿಗೇ.

ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೂ ಬಿಡಬೇಕಾದುದು ಇನ್ನೂ ಇತ್ತೆಂಬುದನ್ನು ಅವರಿಗೆ ಕಲಿಸಿದ್ದು ಕೆಂಗೇರಿ ಎನ್ನಬೇಕು. ಯೂರೋಪಿನಲ್ಲಿ ಬಡತನವೆನಿಸಿದ್ದ ಮಠದ ಮೇಜು, ಕುರ್ಚಿ, ಪಾದರಕ್ಷೆಗಳು ಇಲ್ಲಿಯ ರೈತನ ಮನೆಯ ಪಕ್ಕದಲ್ಲಿ ಸಿರಿತನವಾಗಿ ಕಂಡವು. ಸಂಸ್ಕೃತವನ್ನು ಕಲಿಯತೊಡಗಿದರು. ಕೆಂಗೇರಿಯ ಮಠ ಬೇರೂರಲಿಲ್ಲ. 1958ರಲ್ಲಿ ಕೇರಳಕ್ಕೆ ತೆರಳಿ, ಬೆಲ್ಜಿಯಂ ದೇಶದ ಫ್ರಾನ್ಸಿಸ್ ಆಚಾರ್ಯರೊಡನೆ ಕುರಿಶುಮಲ ಆಶ್ರಮವನ್ನು ಕಟ್ಟಿದರು. ಕಾವಿ ಉಟ್ಟು, ಬರಿಗಾಲಲ್ಲಿ ನಡೆದು, ದಯಾನಂದರೆಂಬ ಹೆಸರನ್ನು ಪಡೆದರು. 1968ರಲ್ಲಿ ತಮಿಳುನಾಡಿನ ಕುಳಿತ್ತಲೈ ಬಳಿಯ ಶಾಂತಿವನಕ್ಕೆ ಬಂದರು. ಆರತಿ, ಸಂಸ್ಕೃತ ಸ್ತೋತ್ರ, ನೆಲದ ಮೇಲೆ ಕುಳಿತು ಅರ್ಪಿಸುವ ಬಲಿಪೂಜೆ ಇವುಗಳನ್ನು ಕಂಡು ಮುನಿದ ಕಥೋಲಿಕರೂ ಇದ್ದರು, ಸಂಶಯಪಟ್ಟ ಹಿಂದೂಗಳೂ ಇದ್ದರು. ಅವರ ಬರಹಗಳ ಎಲ್ಲ ವಿಚಾರಗಳನ್ನೂ ಒಪ್ಪಬೇಕೆಂದೇನೂ ಇಲ್ಲ. ಆದರೆ ಆ ಬಾಳಿನ ಪ್ರಾಮಾಣಿಕತೆಯನ್ನು ಶಂಕಿಸುವುದು ಕಷ್ಟ.

ಕೆಂಗೇರಿಯ ಪಕ್ಕದ ವೃಷಭಾವತಿ ಬಿಡದಿಯ ಸಮೀಪದ ಬೈರಮಂಗಲದ ಕೆರೆಯನ್ನು ಹಾದು ಕನಕಪುರ ತಾಲೂಕಿನಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಶಾಂತಿವನವಿರುವುದು ಅದೇ ಕಾವೇರಿಯ ದಡದಲ್ಲಿ. ಅಲ್ಲಿಯೇ 1993ನೆಯ ಮೇ 13ರಂದು, 86ನೆಯ ವಯಸ್ಸಿನಲ್ಲಿ, ಫಾದರ್ ಬೀಡ್ ದೈವಾಧೀನರಾದರು. ಅವರ ಸಮಾಧಿಯೂ ಆ ಆಶ್ರಮದಲ್ಲಿಯೇ ಇದೆ.