ಡಾ. ಜಾರ್ಜ್ ಪಾಪನಿಕೊಲಾವ್ (1883–1962)

ಗರ್ಭಕಂಠದ ಕ್ಯಾನ್ಸರಿನ ಪೂರ್ವಸೂಚನೆಯನ್ನು ತಿಳಿಸುವ ಪ್ಯಾಪ್ ಪರೀಕ್ಷೆಯು ಇವರ ಹೆಸರನ್ನೇ ಹೊತ್ತಿದೆ. ಗ್ರೀಸ್ ದೇಶದ ಕಿಮಿಯಲ್ಲಿ ಜನಿಸಿ, ಅಥೆನ್ಸ್‌ನಲ್ಲಿ ವೈದ್ಯಪದವಿ ಪಡೆದ ಇವರು 1913ರಲ್ಲಿ ಪತ್ನಿ ಆಂಡ್ರೊಮಾಕಿಯವರೊಡನೆ ಅಮೆರಿಕಕ್ಕೆ ತೆರಳಿ, ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜನ್ನು ಸೇರಿದರು. ಇವರ ಸಂಶೋಧನೆಗಾಗಿ ಪತ್ನಿಯೇ ಹಲವು ವರ್ಷಗಳ ಕಾಲ ಜೀವಕೋಶಗಳ ಮಾದರಿಯನ್ನು ನೀಡಿದರು. 1928ರಲ್ಲಿ ಮಂಡಿಸಿದ ಶೋಧಕ್ಕೆ ಮನ್ನಣೆ ದೊರೆಯಲಿಲ್ಲ. ಆದರೂ ಎದೆಗುಂದದೆ, ಡಾ. ಹರ್ಬರ್ಟ್ ಟ್ರೌಟ್ ಅವರೊಡನೆ 1941ರಲ್ಲಿ ಪ್ರಬಂಧ ಪ್ರಕಟಿಸಿದರು. ತದನಂತರ ಪರೀಕ್ಷೆಯು ಅಂಗೀಕಾರ ಪಡೆಯಿತು.

ಈ ಕ್ಯಾನ್ಸರಿಗೆ ಎಚ್‌ಪಿವಿ ವೈರಾಣುವಿನ ದೀರ್ಘಕಾಲದ ಸೋಂಕು ಕಾರಣವೆಂಬುದು ಇವರ ಮರಣಾನಂತರ ದೃಢಪಟ್ಟಿತು. ಬಹುತೇಕ ಮಹಿಳೆಯರಲ್ಲಿ ಈ ಸೋಂಕು ತಾನಾಗಿಯೇ ಶಮನವಾಗುತ್ತದೆ. ಪರೀಕ್ಷೆಯಲ್ಲಿ ಅಸಹಜ ಜೀವಕೋಶಗಳು ಕಂಡುಬಂದ ಮಾತ್ರಕ್ಕೆ ಕ್ಯಾನ್ಸರ್ ಇದೆಯೆಂದು ಅರ್ಥವಲ್ಲ. ಆದರೆ ವೈದ್ಯರು ಸೂಚಿಸಿದ ಮರುತಪಾಸಣೆಯನ್ನು ತಪ್ಪಿಸಬಾರದು. ರೋಗವು ಬೇರೂರುವ ಮೊದಲೇ ಅದನ್ನು ತಡೆಯಬಹುದೆಂಬುದೇ ಇವರ ಸಾಧನೆಯ ಸಾರ.