ಉಸಿರಿನ ಲೆಕ್ಕ ಹಿಡಿದ ಆಗಸ್ಟ್ ಕ್ರೋಗ್

ಮಳೆಗಾಲದ ಇರುಳಿನಲ್ಲಿ ಹೊನ್ನಾವರದ ಗದ್ದೆಯ ಬದುವಿನ ಮೇಲೆ ನಿಂತರೆ ಕಪ್ಪೆಗಳ ವಟಗುಟ್ಟುವಿಕೆ ಕಿವಿಯನ್ನು ತುಂಬುತ್ತದೆ. ಶರಾವತಿಯ ಅಳಿವೆಯಲ್ಲಿ ನೀರಿಳಿದಾಗ ಕಾಂಡ್ಲಾ ಗಿಡಗಳ ಬುಡದ ಕೆಸರಿನ ಮೇಲೆ ಸಣ್ಣ ಮೀನುಗಳು ಜಿಗಿಜಿಗಿದು ಓಡಾಡುತ್ತವೆ. ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆಯಲ್ಲಿ ಬಳಚುಗಳು ಮರಳಿನೊಳಗೆ ಹುದುಗಿ ಜೀವಿಸುತ್ತವೆ. ಭಟ್ಕಳದ ಬಂದರಿನಲ್ಲಿ ಬುಟ್ಟಿಗೆ ಬಿದ್ದ ಬಂಗುಡೆ ಮಾತ್ರ ಬಾಯಿ ತೆರೆದು, ಕಿವಿರು ಬಡಿದು, ಸ್ವಲ್ಪ ಹೊತ್ತಿನಲ್ಲಿಯೇ ನಿಶ್ಚಲವಾಗುತ್ತದೆ.

ಒಂದು ಲೀಟರು ಗಾಳಿಯಲ್ಲಿ ಸುಮಾರು 210 ಮಿಲಿಲೀಟರು ಆಮ್ಲಜನಕವಿದ್ದರೆ, ಒಂದು ಲೀಟರು ನೀರಿನಲ್ಲಿ ಕರಗಿರುವುದು ಸುಮಾರು 5 ಮಿಲಿಲೀಟರು ಮಾತ್ರ. ಹಾಗಿದ್ದರೂ ಬಂಗುಡೆ ಗಾಳಿಯ ಸಮೃದ್ಧಿಯ ನಡುವೆ ಉಸಿರುಕಟ್ಟಿ ಸಾಯುವುದೇಕೆ? ಕೆಸರಿನ ಮೀನು ಬದುಕುವುದು ಹೇಗೆ? ಇಂತಹ ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲಿ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದವರು ಡೆನ್ಮಾರ್ಕ್ ದೇಶದ ವಿಜ್ಞಾನಿ ಆಗಸ್ಟ್ ಕ್ರೋಗ್.

ಕ್ರೋಗ್ ಅವರು 1874ನೆಯ ಇಸವಿಯ ನವೆಂಬರ್ 15ರಂದು ಗ್ರೆನಾ ಎಂಬ ಕಡಲತೀರದ ಊರಿನಲ್ಲಿ ಜನಿಸಿದರು. ಅವರ ತಂದೆ ಹಡಗು ಕಟ್ಟುವ ವೃತ್ತಿಯವರು. ಬಾಲ್ಯದಿಂದಲೂ ಮಗನಿಗೆ ಪ್ರಕೃತಿಯ ವೀಕ್ಷಣೆಯಲ್ಲಿ ಆಸಕ್ತಿ. ಮುಂದೆ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯವನ್ನು ಸೇರಿದ ಅವರು, ಹಿರಿಯ ಮಿತ್ರರೊಬ್ಬರ ಸಲಹೆಯಂತೆ ಶರೀರಕ್ರಿಯಾಶಾಸ್ತ್ರದ ಕಡೆಗೆ ತಿರುಗಿದರು. 1897ರಲ್ಲಿ ಕ್ರಿಶ್ಚಿಯನ್ ಬೋರ್ ಎಂಬ ಪ್ರಖ್ಯಾತ ಪ್ರಾಧ್ಯಾಪಕರ ಪ್ರಯೋಗಾಲಯ ಅವರಿಗೆ ಬಾಗಿಲು ತೆರೆಯಿತು. ಪರಮಾಣುವಿನ ರಚನೆಯನ್ನು ವಿವರಿಸಿದ ನೀಲ್ಸ್ ಬೋರ್ ಈ ಪ್ರಾಧ್ಯಾಪಕರ ಮಗನೇ.

ಕ್ರೋಗ್ ಅವರು ಮೊದಲು ಕೈಗೆತ್ತಿಕೊಂಡದ್ದು ಕೊಳದ ನೀರಿನಲ್ಲಿ ಬೆಳೆಯುವ, ಗಾಜಿನಂತೆ ಪಾರದರ್ಶಕವಾದ ಒಂದು ಕೀಟದ ಮರಿಯನ್ನು. ಅದರ ಮೈಯೊಳಗೆ ಪುಟ್ಟ ಗಾಳಿಚೀಲಗಳಿವೆ. ಸಾಸಿವೆಗಿಂತಲೂ ಚಿಕ್ಕದಾದ ಗಾಳಿಗುಳ್ಳೆಯನ್ನು ವಿಶ್ಲೇಷಿಸುವ ವಿಧಾನವನ್ನು ಅವರು ಇದಕ್ಕಾಗಿಯೇ ರೂಪಿಸಿದರು. ಆ ಚೀಲಗಳು ನೀರಿನಲ್ಲಿ ಮೇಲೇರಲು, ಕೆಳಗಿಳಿಯಲು ನೆರವಾಗುವ ಸಾಧನಗಳೆಂದು ತಿಳಿದುಬಂದಿತು. ಅಲ್ಪ ಪ್ರಮಾಣವನ್ನು ತಪ್ಪಿಲ್ಲದೆ ಅಳೆಯುವ ಈ ಕೌಶಲವೇ ಮುಂದೆ ಅವರ ಬಾಳಿನ ದೊಡ್ಡ ಬಂಡವಾಳವಾಯಿತು.

ಅನಂತರ ಅವರ ದೃಷ್ಟಿ ಕಪ್ಪೆಯ ಮೇಲೆ ನೆಟ್ಟಿತು. ಕಪ್ಪೆ ಗೊದಮೊಟ್ಟೆಯಾಗಿದ್ದಾಗ ಕಿವಿರುಗಳಿಂದ ಉಸಿರಾಡುತ್ತದೆ. ಬೆಳೆದ ಮೇಲೆ ಅದಕ್ಕೆ ಶ್ವಾಸಕೋಶವೂ ಉಂಟು, ತೇವವಾದ ಚರ್ಮವೂ ಉಂಟು. ಇವೆರಡರಲ್ಲಿ ಯಾವುದರ ಪಾಲು ಎಷ್ಟು? ಕ್ರೋಗ್ ಅವರು ಇವುಗಳ ಉಸಿರಾಟವನ್ನು ಬೇರೆಬೇರೆಯಾಗಿ ಅಳೆದರು. ಆಮ್ಲಜನಕ ಬಹುಮಟ್ಟಿಗೆ ಶ್ವಾಸಕೋಶದ ಮೂಲಕ ಒಳಬರುತ್ತದೆ. ಇಂಗಾಲದ ಡೈಆಕ್ಸೈಡು ಬಹುಮಟ್ಟಿಗೆ ಚರ್ಮದ ಮೂಲಕ ಹೊರಹೋಗುತ್ತದೆ. ಈ ಶೋಧನೆಗೆ 1903ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು. ನಮ್ಮ ಗದ್ದೆಯ ಕಪ್ಪೆ ಒದ್ದೆಯ ನೆಲವನ್ನು ಬಿಟ್ಟು ದೂರ ಹೋಗದಿರಲು ಇದೂ ಒಂದು ಕಾರಣ. ಒಣಗಿದ ಚರ್ಮದ ಮೂಲಕ ಉಸಿರಾಟ ಸಾಗದು.

ಗುರುಗಳಾದ ಬೋರ್ ಅವರಿಗೆ ಶಿಷ್ಯನ ಮೇಲೆ ವಿಶ್ವಾಸವಿತ್ತು. ಇಂಗಾಲದ ಡೈಆಕ್ಸೈಡು ಹೆಚ್ಚಿದ ಕಡೆ ರಕ್ತವು ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ ಎಂಬ ಮಹತ್ವದ ಸಂಗತಿಯನ್ನು 1904ರಲ್ಲಿ ಅವರಿಬ್ಬರೂ ಇನ್ನೊಬ್ಬ ಸಹೋದ್ಯೋಗಿಯೊಡನೆ ಸೇರಿ ಪ್ರಕಟಿಸಿದರು. ಆದರೆ ಬೋರ್ ಅವರ ಇನ್ನೊಂದು ಸಿದ್ಧಾಂತವಿತ್ತು. ಲಾಲಾಗ್ರಂಥಿ ಜೊಲ್ಲನ್ನು ಸ್ರವಿಸುವಂತೆ ಶ್ವಾಸಕೋಶವು ಆಮ್ಲಜನಕವನ್ನು ರಕ್ತಕ್ಕೆ ಸ್ರವಿಸುತ್ತದೆ ಎಂದು ಅವರು ನಂಬಿದ್ದರು. ಕ್ರೋಗ್ ಅವರೂ ಮೊದಲು ಇದನ್ನೇ ಒಪ್ಪಿದ್ದರು.

1905ರಲ್ಲಿ ಕ್ರೋಗ್ ಅವರು ವೈದ್ಯಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದ ಮೇರಿ ಅವರನ್ನು ವಿವಾಹವಾದರು. ದಂಪತಿಗಳು ಪ್ರಯೋಗಾಲಯದಲ್ಲಿಯೂ ಜೊತೆಗೂಡಿದರು. ರಕ್ತದಲ್ಲಿರುವ ಅನಿಲಗಳ ಒತ್ತಡವನ್ನು ಒಂದು ಪುಟ್ಟ ಗಾಳಿಗುಳ್ಳೆಯ ಸಹಾಯದಿಂದ ಅಳೆಯುವ ಉಪಕರಣವನ್ನು ಕ್ರೋಗ್ ನಿರ್ಮಿಸಿದರು. ಬೋರ್ ಅವರ ಮಾತು ನಿಜವಾಗಿದ್ದರೆ ಆಮ್ಲಜನಕದ ಒತ್ತಡ ಶ್ವಾಸಕೋಶದ ಗಾಳಿಗಿಂತ ರಕ್ತದಲ್ಲಿ ಕೆಲವೊಮ್ಮೆಯಾದರೂ ಹೆಚ್ಚಾಗಿರಬೇಕಿತ್ತು. ದಂಪತಿಗಳು ಮತ್ತೆ ಮತ್ತೆ ಅಳೆದರು. ರಕ್ತದಲ್ಲಿನ ಒತ್ತಡ ಪ್ರತಿ ಸಲವೂ ಕಡಿಮೆಯೇ. ಎತ್ತರದ ಗದ್ದೆಯ ನೀರು ತಗ್ಗಿನ ಗದ್ದೆಗೆ ತಾನಾಗಿ ಹರಿಯುವಂತೆ, ಆಮ್ಲಜನಕವು ಒತ್ತಡ ಹೆಚ್ಚಿದ ಕಡೆಯಿಂದ ಕಡಿಮೆಯಿದ್ದ ಕಡೆಗೆ ತಾನಾಗಿ ಸಾಗುತ್ತದೆ. ಇದಕ್ಕೆ ವಿಸರಣೆ ಎಂದು ಹೆಸರು. ಶ್ವಾಸಕೋಶವು ಸ್ರವಿಸುವುದೇನೂ ಇಲ್ಲ.

ಈಗ ಕ್ರೋಗ್ ಅವರ ಮುಂದೆ ಧರ್ಮಸಂಕಟವೊಂದು ನಿಂತಿತು. ಪ್ರಯೋಗಾಲಯಕ್ಕೆ ಕರೆದು ವಿದ್ಯೆ ಕಲಿಸಿದ ಗುರುವಿನ ಮಾತನ್ನು ಲೋಕದ ಮುಂದೆ ಅಲ್ಲಗಳೆಯಬೇಕೆ? ಮೌನವಾಗಿದ್ದರೆ ಗುರುವಿನ ಮನಸ್ಸು ನೋಯುತ್ತಿರಲಿಲ್ಲ. ಆದರೆ ಗುರು ಕಲಿಸಿದ ವಿದ್ಯೆಗೇ ದ್ರೋಹವಾಗುತ್ತಿತ್ತು. 1910ರಲ್ಲಿ ಅವರು ಏಳು ಲೇಖನಗಳನ್ನು ಒಟ್ಟಿಗೆ ಪ್ರಕಟಿಸಿದರು. ಬೋರ್ ಅವರಿಗೆ ತಾವು ಎಷ್ಟು ಋಣಿ ಎಂಬುದನ್ನು ಅವುಗಳಲ್ಲಿ ಸ್ಮರಿಸಿಯೇ ತಮ್ಮ ಭಿನ್ನಾಭಿಪ್ರಾಯವನ್ನು ಅಂಕಿಅಂಶಗಳೊಡನೆ ಮುಂದಿಟ್ಟರು. ಕಟುವಾದ ಮಾತಿಗೆ ಅಲ್ಲಿ ಎಡೆ ಕೊಡಲಿಲ್ಲ. ಆದರೂ ಗುರುಶಿಷ್ಯರ ನಡುವೆ ಅಂತರ ಬೆಳೆಯಿತು. ಮರುವರ್ಷವೇ, 1911ರಲ್ಲಿ, ಬೋರ್ ತೀರಿಕೊಂಡರು. ಸತ್ಯವನ್ನು ಹೇಳಿದ್ದಕ್ಕಾಗಿ ಕ್ರೋಗ್ ಅವರು ತೆತ್ತ ಬೆಲೆ ಸಣ್ಣದಲ್ಲ.

ವಿಸರಣೆಯೊಂದೇ ಸಾಕಾದರೆ ಪ್ರಾಣಿಗಳಿಗೆ ಇಷ್ಟೊಂದು ಬಗೆಯ ಅಂಗಗಳೇಕೆ? ದೇಹದ ಒಳಗೆ ವಿಸರಣೆ ಬಹು ನಿಧಾನ. ಸುಮಾರು 1 ಮಿಲಿಮೀಟರಿಗಿಂತ ದಪ್ಪವಾದ ಜೀವಿಯ ಒಡಲಿಗೆ ಚರ್ಮದಿಂದ ಒಳಬರುವ ಆಮ್ಲಜನಕವೊಂದೇ ಸಾಲದೆಂದು ಕ್ರೋಗ್ ಲೆಕ್ಕ ಹಾಕಿ ತೋರಿಸಿದರು. ಆದುದರಿಂದಲೇ ಎರೆಹುಳುವಿನ ತೇವದ ಚರ್ಮದಡಿಯಲ್ಲಿ ರಕ್ತ ಹರಿಯುತ್ತದೆ. ಮೀನಿನ ಕಿವಿರು ತೆಳುವಾದ ನೂರಾರು ಎಸಳುಗಳಾಗಿ ಹರಡಿಕೊಂಡಿದೆ. ಕೀಟಗಳಲ್ಲಿ ಮಾತ್ರ ಸೂಕ್ಷ್ಮ ನಾಳಗಳು ಗಾಳಿಯನ್ನು ನೇರವಾಗಿ ಅಂಗಾಂಗಗಳಿಗೆ ಒಯ್ಯುತ್ತವೆ.

ಕೆಲಸ ಮಾಡುವ ಸ್ನಾಯುವಿಗೆ ಹೆಚ್ಚಿನ ಆಮ್ಲಜನಕ ಹೇಗೆ ದೊರೆಯುತ್ತದೆ ಎಂಬುದು ಅವರ ಮುಂದಿನ ಪ್ರಶ್ನೆ. ವಿಶ್ರಾಂತಿಯಲ್ಲಿ ಸ್ನಾಯುವಿನ ಬಹುಪಾಲು ಲೋಮನಾಳಗಳು ಮುಚ್ಚಿರುತ್ತವೆ, ದುಡಿಮೆಯ ವೇಳೆಗೆ ತೆರೆದುಕೊಳ್ಳುತ್ತವೆ ಎಂದು ಅವರು ಕಂಡುಕೊಂಡರು. ಇದಕ್ಕಾಗಿ 1920ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಮೇರಿ ಅವರಿಗೆ ಮಧುಮೇಹವಿತ್ತು. 1922ರಲ್ಲಿ ದಂಪತಿಗಳು ಅಮೆರಿಕೆಗೆ ಹೋದಾಗ ಕೆನಡಾದಲ್ಲಿ ಹೊಸದಾಗಿ ಕಂಡುಹಿಡಿದ ಇನ್ಸುಲಿನ್ ತಯಾರಿಕೆಗೆ ಅನುಮತಿ ಪಡೆದು, ಆ ಔಷಧವನ್ನು ತಮ್ಮ ದೇಶದ ರೋಗಿಗಳಿಗೂ ಒದಗಿಸಿದರು. ಪ್ರಾಣಿಗಳ ಉಸಿರಾಟವನ್ನು ಕುರಿತ ಕ್ರೋಗ್ ಅವರ ಪ್ರಸಿದ್ಧ ಗ್ರಂಥ 1941ರಲ್ಲಿ ಹೊರಬಂದಿತು. 1949ರ ಸೆಪ್ಟೆಂಬರ್ 13ರಂದು ಅವರು ನಿಧನರಾದರು.

ಈಗ ಭಟ್ಕಳದ ಬುಟ್ಟಿಯ ಕಡೆಗೆ ತಿರುಗೋಣ. ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದ ಕಿವಿರಿನ ಎಸಳುಗಳು ಗಾಳಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಒಣಗುತ್ತವೆ. ಆಮ್ಲಜನಕ ಸುತ್ತಲೂ ಇದೆ. ಅದು ಒಳನುಗ್ಗುವ ತೇವದ ಹರವು ಮಾತ್ರ ಕುಗ್ಗಿಹೋಗಿದೆ. ಕೆಸರಿನ ಮೀನು ಕಿವಿರಿನ ಕೋಣೆಯಲ್ಲಿ ನೀರನ್ನು ಹಿಡಿದಿಟ್ಟುಕೊಂಡು, ಒದ್ದೆಯ ಚರ್ಮದಿಂದಲೂ ಉಸಿರಾಡಿ ಬದುಕುತ್ತದೆ. ಮರಳಿನಲ್ಲಿ ಹುದುಗಿದ ಬಳಚು ನೀರನ್ನು ಒಳಗೆಳೆದು ಕಿವಿರುಗಳ ಮೇಲೆ ಹರಿಸುತ್ತದೆ. ಉಪಾಯಗಳು ಹಲವು, ನಿಯಮ ಒಂದೇ.

ಆ ನಿಯಮವನ್ನು ಶ್ವಾಸಕೋಶದಲ್ಲಿಯೂ ಕಾಣಿಸಿಕೊಟ್ಟ ಶಿಷ್ಯನು ಗುರುವನ್ನು ಗೌರವಿಸುತ್ತಲೇ ಗುರುವಿನ ತಪ್ಪನ್ನು ತಿದ್ದಿದನು. ಅಳೆದು ನೋಡದೆ ಯಾವುದನ್ನೂ ಒಪ್ಪಬಾರದೆಂಬ ಪಾಠವನ್ನು ಅವನು ಕಲಿತದ್ದು ಆ ಗುರುವಿನ ಪ್ರಯೋಗಾಲಯದಲ್ಲಿಯೇ.